ಕಳೆದ ತಿಂಗಳು ಎಷ್ಟು ಗಳಿಸಿದಿರಿ?

ಸರ್ಕಾರದಲ್ಲಿ ಅರ್ಥಶಾಸ್ತ್ರಜ್ಞೆ ಎಂದರೆ ಜನ ಬಜೆಟ್ ದಿನ ಟೀವಿಯಲ್ಲಿ ಕೂತು ಮಾತಾಡುವವರನ್ನು ನೆನೆಯುತ್ತಾರೆ. ನನ್ನದು ಆ ಜಾತಿಯ ಕೆಲಸವಲ್ಲ. ಶಾಲೆಗಳಿಗೆ, ಕೌಶಲ ತರಬೇತಿಗೆ ಸರ್ಕಾರ ಕೊಟ್ಟ ಹಣದಿಂದ ಯಾರಿಗಾದರೂ ಏನಾದರೂ ಆಯಿತೇ ಎಂದು ನೋಡಿ ಎರಡು ಪುಟದ ಟಿಪ್ಪಣಿ ಬರೆಯುವುದು ನನ್ನ ಕೆಲಸ. ಅದನ್ನು ಓದಿದವರು ಒಂದು ಕಡೆ ಮುಂದುವರಿಸುತ್ತಾರೆ, ಇನ್ನೊಂದು ಕಡೆ ನಿಲ್ಲಿಸುತ್ತಾರೆ. ನಿಲ್ಲಿಸಿದ ಕಡೆಯವರ ಮುಖ ನೋಡುವ ಪ್ರಸಂಗ ನನಗೆ ಬಹಳ ವರ್ಷ ಬಂದಿರಲಿಲ್ಲ. ಬಂದಾಗ ಅದು ನಾನು ಹುಟ್ಟಿದ ಜಿಲ್ಲೆಯಲ್ಲೇ ಬಂತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ಒಂದೊಂದು ಸಣ್ಣ ತರಬೇತಿ ಕೇಂದ್ರ ಇತ್ತು. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ಮತ್ತೆ ತಂತಿ ಸುತ್ತುವುದು, ಟ್ರ್ಯಾಕ್ಟರ್ ದುರಸ್ತಿ, ಹೊಲಿಗೆ, ಇಂಥವನ್ನು ಕಲಿಸುತ್ತಿದ್ದರು. ಕಲಿತು ಹೋದವರನ್ನು ಫೋನಿನಲ್ಲಿ ವಿಚಾರಿಸಲು ಪ್ರಶ್ನಾವಳಿ ತಯಾರಿಸಿದವಳು ನಾನೇ. ಅದರ ಏಳನೆಯ ಪ್ರಶ್ನೆ, ಕಳೆದ ತಿಂಗಳು ಎಷ್ಟು ಗಳಿಸಿದಿರಿ? ಆ ಪ್ರಶ್ನೆಯ ಮೇಲೆ ನನಗೆ ವಿಪರೀತ ಹೆಮ್ಮೆ. ವರ್ಷದ್ದು ಕೇಳಿದರೆ ಜನ ಬಾಯಿಗೆ ಬಂದದ್ದು ಹೇಳುತ್ತಾರೆ, ಕಳೆದ ತಿಂಗಳದ್ದಾದರೆ ನೆನಪಿರುತ್ತದೆ ಎಂದು ಕಿರಿಯರಿಗೆ ಪಾಠ ಬೇರೆ ಮಾಡಿದ್ದೆ.

ಉತ್ತರ ಬಂತು. ಮೂರು ತಾಲೂಕುಗಳಲ್ಲಿ ಪರವಾಗಿಲ್ಲ ಎನ್ನುವಂತಿತ್ತು. ಸಿಂದಗಿ ತಾಲೂಕಿನ ಕೇಂದ್ರದ ಮುಂದೆ ಮಾತ್ರ ಸೊನ್ನೆಯ ಕೆಳಗೆ ಸೊನ್ನೆ. ನಾನು ಎರಡನೇ ಸಲ ಯೋಚಿಸದೆ ಬರೆದೆ: ಈ ಕೇಂದ್ರವನ್ನು ಮುಚ್ಚಿ ಅದರ ಅನುದಾನವನ್ನು ಉಳಿದ ಮೂರಕ್ಕೆ ಹಂಚಬಹುದು. ಶುಕ್ರವಾರ ಬೆಳಿಗ್ಗೆ ಸಭೆಯಲ್ಲಿ ಅದು ತೀರ್ಮಾನವಾಗಬೇಕಿತ್ತು. ಅದಕ್ಕೆ ಮೊದಲು ಒಮ್ಮೆ ನಾಲ್ಕೂ ಕಡೆ ಹೋಗಿ ಬಂದೆ ಎಂದು ಕಡತದಲ್ಲಿ ಇರಬೇಕಲ್ಲ, ಹೊರಟೆ. ಮಂಗಳವಾರ ಇಂಡಿ, ಬುಧವಾರ ಮುದ್ದೇಬಿಹಾಳ ಮತ್ತು ಬಾಗೇವಾಡಿ. ಎಲ್ಲ ಕಡೆ ಶಾಲು, ಚಹಾ, ಫೋಟೋ. ಗುರುವಾರ ಸಿಂದಗಿ.

ಯಂಕಂಚಿ ದಾಟಿ ಇನ್ನೂ ಒಳಗೆ ಹೋಗಬೇಕಿತ್ತು. ಎರಡೂ ಕಡೆ ತೊಗರಿ ಮೊಣಕಾಲುದ್ದ ನಿಂತಿತ್ತು. ಊರಿನ ಹಳೆಯ ಗೋದಾಮಿನಲ್ಲಿ ಕೇಂದ್ರ. ಬಾಗಿಲಲ್ಲೇ ಅಲ್ಲಿಯ ಮಾಸ್ತರು ನಿಂತಿದ್ದರು. ಐವತ್ತು ದಾಟಿದ ಮನುಷ್ಯ, ಗುತ್ತಿಗೆ ಕೆಲಸ, ಬೆರಳ ತುದಿಯೆಲ್ಲ ಮೋಟಾರಿನ ವಾರ್ನಿಶ್ ಹಿಡಿದು ಕಂದಾಗಿತ್ತು. ನಾನು ಯಾಕೆ ಬಂದಿದ್ದೇನೆ ಎಂಬುದು ಅವರಿಗೆ ಗೊತ್ತಿತ್ತು.

"ಬರ್ರಿ ಮೇಡಂ, ಕುಂಡ್ರಿ. ಚಾ ತರಸ್ಲ್ಯಾ?"

"ಬೇಡ. ಹಾಜರಿ ಪುಸ್ತಕ ಕೊಡಿ." ಊರ ಮಾತು ನನಗೆ ಚೆನ್ನಾಗಿಯೇ ಬರುತ್ತದೆ. ಆದರೆ ಮುಚ್ಚಲು ಹೋದ ಕಡೆ ಅದನ್ನು ಆಡಿದರೆ ಸಲಿಗೆಯಾಗುತ್ತದೆ ಎಂದು ಬೆಂಗಳೂರಿನ ಕನ್ನಡವನ್ನೇ ಬಿಗಿಯಾಗಿ ಹಿಡಿದಿದ್ದೆ.

ಅವರು ಪುಸ್ತಕ ಕೊಟ್ಟು ಎದುರಿಗೆ ನಿಂತರು. "ನಮ್ಮ ಸೆಂಟರ್ ಮುಚ್ಚಾಕ ಬಂದೀರೇನ್ರಿ?"

"ನಾನು ಮುಚ್ಚುವವಳಲ್ಲ. ವರದಿ ಕೊಡುವವಳು."

"ನಮಗ ಎರಡೂ ಒಂದ ಅಲ್ಲೇನ್ರಿ."

ನನಗೆ ಸಿಟ್ಟು ಬಂತು. ಕೈಯಲ್ಲಿದ್ದ ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ಸೊನ್ನೆಗಳ ಮೇಲೆ ಬೆರಳಾಡಿಸುತ್ತ ಕೆಳಗಿನ ತನಕ ಹೋದರು. ಒಂದೊಂದು ಹೆಸರಿನ ಹತ್ತಿರವೂ ನಿಲ್ಲುತ್ತಿದ್ದರು.

"ಇದು ಸುಳ್ಳ ಐತ್ರಿ. ಇವರೊಳಗ ಒಬ್ಬರೂ ಖಾಲಿ ಕುಂತಿಲ್ಲ."

"ಹೇಳಿದವರು ಅವರೇ, ಮಾಸ್ತರೇ. ನಾನು ಕಟ್ಟಿದ್ದಲ್ಲ."

"ನಡೀರಿ ಹಂಗಾರ. ಕಣ್ಣಾರೆ ನೋಡ್ರಿ."

ಅವರು ಕರೆದುಕೊಂಡು ಹೋದದ್ದು ಎರಡು ಓಣಿ ಆಚೆ, ಪಟ್ಟಿಯಲ್ಲಿದ್ದ ಅವರ ಶಿಷ್ಯೆಯೊಬ್ಬಳ ಮನೆಗೆ. ಬೇವಿನ ಗಿಡದ ಕೆಳಗೆ ತಗಡಿನ ಚಪ್ಪರ. ಅಲ್ಲಿ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಸೆರಗು ಸಿಕ್ಕಿಸಿಕೊಂಡು, ಬಿಚ್ಚಿದ ಮೋಟಾರಿನ ಮುಂದೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದಳು. ಕಟ್ಟೆಯ ಮೇಲೆ ಅವಳ ಅತ್ತೆ ಕೆಮ್ಮುತ್ತ ಕೂತಿದ್ದರು. ಮೋಟಾರು ತಂದ ರೈತರೊಬ್ಬರು ಕಂಬಕ್ಕೆ ಒರಗಿ ಕಾಯುತ್ತಿದ್ದರು. ನನ್ನನ್ನು ನೋಡಿದರೂ ಅವಳು ಏಳಲಿಲ್ಲ.

"ಸಿಟ್ಟಾಗಬ್ಯಾಡ್ರಿ, ಏಳಾಕ ಬರಾಂಗಿಲ್ಲ. ಸುತ್ತ ಎಣಸಾಕತ್ತೇನಿ."

ಸುತ್ತು ಮುಗಿಯುವವರೆಗೆ ಸರ್ಕಾರ ನಿಂತುಕೊಂಡು ಕಾಯಿತು. ಆಮೇಲೆ ಏಳನೆಯ ಪ್ರಶ್ನೆ ಕೇಳಿದೆ. ಕಳೆದ ತಿಂಗಳು ಎಷ್ಟು ಗಳಿಸಿದಿರಿ?

"ಏನಿಲ್ರಿ."

"ಅದರ ಹಿಂದಿನ ತಿಂಗಳು?"

"ಆಗೂ ಏನಿಲ್ರಿ."

ನಾನು ಮಾಸ್ತರ ಕಡೆ ತಿರುಗಿದೆ. ನೋಡಿದಿರಾ ಎನ್ನುವಂಥ ನೋಟವನ್ನೇ ಬೀರಿದೆ ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅವರ ಮುಖ ಇಳಿದುಹೋಗಿತ್ತು. ಅಷ್ಟಕ್ಕೇ ಬಿಡಬಹುದಿತ್ತು, ನನ್ನ ನಾಲಿಗೆ ಬಿಡಬೇಕಲ್ಲ. "ಮತ್ತೆ ಈ ಮೋಟಾರನ್ನೆಲ್ಲ ಪುಣ್ಯಕ್ಕೆ ಸುತ್ತುತ್ತೀರಾ?" ಎಂದೆ.

ಕಂಬಕ್ಕೆ ಒರಗಿದ್ದ ರೈತರು ನಕ್ಕರು. "ಪುಣ್ಯಕ್ಕ ಯಾಕ್ರಿ? ತಂತಿ ನಾವ ತರ್ತೇವಿ. ಕೈಕೆಲಸಕ್ಕ ರಾಶಿ ಆದಮ್ಯಾಲ ಆಯ ಕೊಡ್ತೇವಲ್ಲ. ಇವರ ಮಾವಗ ಕೊಡ್ತಿದ್ದಿವಿ, ನೇಗಿಲಾ ಕುಂಟಿ ಮಾಡಿ ಕೊಡ್ತಿದ್ದ. ಈಗ ನೇಗಿಲಾ ಹ್ವಾದು, ಮೋಟಾರ ಬಂದ್ವು. ಮನಿ ಅವ, ಆಯ ಅದ."

ಆಯ. ನನ್ನ ಕಿವಿಗೆ ಯಾರೋ ಹೊಡೆದಂತಾಯಿತು. ವರ್ಷಪೂರ್ತಿ ಒಂದು ಮನೆಯ ಕೆಲಸ ಮಾಡಿಕೊಡುವುದು, ಸುಗ್ಗಿಯಲ್ಲಿ ಅವರ ಕಣಕ್ಕೆ ಹೋಗಿ ಕಾಳು ತರುವುದು. ಇದನ್ನು ನನಗೆ ಬೇರೆಯವರು ತಿಳಿಸಿ ಹೇಳಬೇಕೇ! ನಮ್ಮಪ್ಪ ಮುದ್ದೇಬಿಹಾಳದ ಕಡೆಯ ಹಳ್ಳಿಯೊಂದರಲ್ಲಿ ಬಡಿಗ. ನಾನು ಬೆಳೆದದ್ದೇ ಆಯದ ಜೋಳದ ರೊಟ್ಟಿಯಲ್ಲಿ. ಚೀಲ ಹಿಡಿದು ಅಪ್ಪನ ಹಿಂದೆ ಕಣಕ್ಕೆ ಹೋಗುತ್ತಿದ್ದವಳು ನಾನು. ಅಪ್ಪ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಅಂಚಿನಲ್ಲಿ ನಿಂತಿರುತ್ತಿದ್ದ. ಗೌಡರು ಮೊದಲ ಅಳತೆಗೆ ಒಂದು ಎನ್ನದೆ "ಲಾಭ" ಎಂದು ಸುರಿಯುತ್ತಿದ್ದರು, ಆಮೇಲೆ ಎರಡು, ಮೂರು. ಆ ಕಾಳು ಮುಂದಿನ ಸುಗ್ಗಿಯ ತನಕ ನಮ್ಮನ್ನು ಸಾಕುತ್ತಿತ್ತು. ಬಿತ್ತನೆಯ ಹೊತ್ತಿನಲ್ಲಿ ಫೋನು ಮಾಡಿ ಕಳೆದ ತಿಂಗಳು ಎಷ್ಟು ಎಂದು ಕೇಳಿದ್ದರೆ ನಮ್ಮಪ್ಪನೂ ಏನಿಲ್ಲ ಎಂದೇ ಹೇಳುತ್ತಿದ್ದ. ಉಳಿದ ಮೂರು ಕೇಂದ್ರ ಪೇಟೆಯಲ್ಲಿದ್ದವು, ಅಲ್ಲಿ ಕೆಲಸಕ್ಕೆ ಆಗಲೇ ರೊಕ್ಕ. ಬೆಂಗಳೂರಿನಲ್ಲಿ ತಿಂಗಳ ಕೊನೆಗೆ ಸಂಬಳ ಬಂದು ಬಂದು, ಎಲ್ಲರಿಗೂ ತಿಂಗಳು ಎಂಬುದೊಂದು ಇರುತ್ತದೆ ಎಂದುಕೊಂಡುಬಿಟ್ಟಿದ್ದೆ. ಹಳ್ಳಿಯನ್ನೇ ಕಾಣದವರು ಈ ತಪ್ಪು ಮಾಡಿದರೆ ಕ್ಷಮೆಯಿದೆ. ಬಡಿಗನ ಮಗಳಿಗೆ ಇಲ್ಲ.

ಇದನ್ನೆಲ್ಲ ನಾನು ಅಲ್ಲೇ ನಿಂತು ಹೇಳಿದೆನೋ ಏನೋ, ಅವಳು "ಹಂಗಾರ ನೀವು ನಮ್ಮವ್ರ ಅದೀರಿ ಅಕ್ಕಾರ" ಎಂದಳು. ಆಗಲೇ ಮೂರು ಗಂಟೆ. ಓಣಿಯ ತುದಿಗೆ ಓಡಿ, ಸಿಗ್ನಲ್ ಸಿಕ್ಕ ಕಡೆ ನಿಂತು ಮೇಲಧಿಕಾರಿಗೆ ಫೋನು ಮಾಡಿದೆ. ಟಿಪ್ಪಣಿ ತಪ್ಪಾಗಿದೆ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ.

"ಮೇಡಂ, ಪ್ರಶ್ನೆ ನಿಮ್ಮದೇ ಅಲ್ವಾ? ಅದೇ ಸರಿಯಿಲ್ಲ ಅಂತ ನಾಳೆ ನೀವೇ ಹೇಳ್ತೀರಾ?"

"ಹೇಳ್ತೀನಿ ಸರ್."

"ಬರೀ ಹೇಳಿದ್ರೆ ಯಾರೂ ಒಪ್ಪಲ್ಲ. ಒಬ್ಬರದಾದ್ರೂ ಹೆಸರು, ಎಷ್ಟು ಕಾಳು ಬಂತು, ಅದರ ಬೆಲೆ, ಸಹಿ, ಇಷ್ಟು ಬೇಕು. ಸಂಜೆ ಆರರೊಳಗೆ ಕಳಿಸಿ. ಇಲ್ಲಾಂದ್ರೆ ಹಳೇ ಟಿಪ್ಪಣಿನೇ ಸಭೆಗೆ ಹೋಗುತ್ತೆ."

ಇಷ್ಟೇ ತಾನೇ ಎಂದುಕೊಂಡು ಓಡುತ್ತ ಬಂದೆ. ನಮೂನೆಯ ಹಾಳೆ ತೆಗೆದು ಚಪ್ಪರದ ಕೆಳಗೆ ಕೂತೆ. ಇಷ್ಟು ಹೊತ್ತು ಸರಾಗವಾಗಿ ಮಾತಾಡುತ್ತಿದ್ದವಳು ಹಾಳೆ ಕಂಡದ್ದೇ ತಡ, ಕೈ ನಿಲ್ಲಿಸಿದಳು.

"ಬರೀಬ್ಯಾಡ್ರಿ ಅಕ್ಕಾರ."

"ಯಾಕವಾ?" ಬೆಂಗಳೂರಿನ ಕನ್ನಡ ಎಲ್ಲಿ ಹೋಯಿತೋ, ನನಗೆ ಗೊತ್ತಾಗಲಿಲ್ಲ.

"ಕಾರ್ಡ ಹೊಕ್ಕೈತ್ರಿ."

ಬಡವರ ರೇಷನ್ ಕಾರ್ಡು. ಆ ಕಾರ್ಡಿನ ಮೇಲೆ ಅಕ್ಕಿ ಬರುತ್ತದೆ, ಅತ್ತೆಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ. ಗಳಿಕೆ ಇದೆ ಎಂದು ಸರ್ಕಾರದ ಕಾಗದದಲ್ಲಿ ಒಮ್ಮೆ ಬಂದರೆ ಕಾರ್ಡು ಉಳಿಯುತ್ತದೆ ಎಂಬ ಭರವಸೆಯಿಲ್ಲ. ಏನೂ ಆಗುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಒಂದು ಕಚೇರಿಯಲ್ಲಿ ತುಂಬಿದ ಅಂಕಣ ಇನ್ನೊಂದು ಕಚೇರಿಯಲ್ಲಿ ತೆರೆದುಕೊಳ್ಳುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಹಾಗೆ ಜೋಡಿಸಿ ನೋಡಬೇಕೆಂದು ಸಲಹೆ ಕೊಟ್ಟವರ ಪೈಕಿ ನಾನೂ ಒಬ್ಬಳು.

ಮಾಸ್ತರು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. "ಬರಸವಾ ತಂಗಿ. ನಿನ್ನ ಒಂದ ಹೆಸರಿಗೆ ಸೆಂಟರ್ ಉಳಿತೈತಿ. ಬರೂ ಸಲಕ್ಕ ಹುಡಿಗ್ಯಾರು ಹೆಸರ ಹಚ್ಚ್ಯಾರ, ನಿನ್ನ ನೋಡೇ ಹಚ್ಚ್ಯಾರ. ಇಷ್ಟ ವರ್ಷ ಕಟ್ಟೀನಿ. ಕುಂಬಾರಗ ವರುಷ, ದೊಣ್ಣಿಗೆ ನಿಮಿಷ."

ಅವಳು ತಂತಿಯ ತುದಿಯನ್ನು ಮೋಟಾರಿಗೆ ಸಿಕ್ಕಿಸಿಟ್ಟು ಕಟ್ಟೆಯ ಮೇಲಿನ ಅತ್ತೆಯ ಕಡೆ ನೋಡಿದಳು. ರೈತರು ಮೆಲ್ಲಗೆ ಎದ್ದು ಹೊರಗೆ ಹೋದರು. ನನ್ನ ಕಣ್ಣು ಕೈಗಡಿಯಾರ ಬಿಟ್ಟು ಕದಲುತ್ತಿರಲಿಲ್ಲ.

"ಮಾಸ್ತರ ಋಣ ನನ್ನ ಮ್ಯಾಲ ಐತ್ರಿ. ಇಲ್ಲ ಅನ್ನಾಕ ನನಗ ಬಾಯಿಲ್ಲ" ಎಂದು ಅವಳು ನನ್ನ ಕಡೆ ತಿರುಗಿ ಕೈ ಚಾಚಿದಳು, ಪೆನ್ನಿಗಾಗಿ. "ನೀವ ಹೇಳ್ರಿ ಅಕ್ಕಾರ. ನೀವೂ ಬಡಗ್ಯಾರ ಮನಿ ಮಗಳು. ಸೈ ಮಾಡ್ಲ್ಯಾ?"

ಹೈಸ್ಕೂಲು ಸೇರುವ ದಿನ ನೆನಪಾಯಿತು. ಹೆಡ್‌ಮಾಸ್ತರರು ಅಪ್ಪನನ್ನು ತಿಂಗಳಿಗೆ ಏನು ಬರ್ತೈತಿ ಎಂದು ಕೇಳಿದ್ದರು. ತಿಂಗಳಿಗೆ ಏನಿಲ್ರಿ ಎಂದಿದ್ದ ಅಪ್ಪ. ಅವರು ಅರ್ಜಿಯಲ್ಲಿ ಸೊನ್ನೆ ಬರೆದರು. ಆ ಸೊನ್ನೆಯಿಂದಲೇ ನನ್ನ ಫೀ ಮಾಫಿಯಾಯಿತು, ಹಾಸ್ಟೆಲ್ ಸಿಕ್ಕಿತು, ನಾನು ಈ ಕುರ್ಚಿಯ ತನಕ ಬಂದೆ. ಹೆಡ್‌ಮಾಸ್ತರರಿಗೆ ಆಯ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

"ಬ್ಯಾಡವಾ" ಎಂದೆ. ಹಾಳೆಯನ್ನು ಮಡಚಿ ಚೀಲದಲ್ಲಿಟ್ಟೆ.

ಮಾಸ್ತರು ನನ್ನನ್ನು ನೋಡಿದರು. ಬೈದಿದ್ದರೆ ಹಗುರವಾಗುತ್ತಿತ್ತು, ಅವರು ಬೈಯಲಿಲ್ಲ. ಎದ್ದು ಧೋತರ ಕೊಡವಿಕೊಂಡು ಗೋದಾಮಿನ ಕಡೆ ನಡೆದುಬಿಟ್ಟರು. ನಾನು ಜೀಪಿನಲ್ಲಿ ಕೂತು, ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹೊಸ ಟಿಪ್ಪಣಿ ಬರೆದೆ. ಪ್ರಶ್ನೆ ತಪ್ಪು, ತಪ್ಪು ನನ್ನದು, ಈ ಸೊನ್ನೆಗಳನ್ನು ಸೊನ್ನೆ ಎಂದು ಓದಬಾರದು. ಇದಕ್ಕೆ ಆಧಾರವೇನು ಎಂಬ ಕಡೆಗೆ ಬಂದೆ. ಯಾರ ಹೆಸರೂ ಬರೆಯುವಂತಿರಲಿಲ್ಲ. ಕೊನೆಗೆ ನನ್ನ ತಂದೆ ಆಯಗಾರರಾಗಿದ್ದರು, ನಾನು ಆ ಕಾಳು ತಿಂದು ಬೆಳೆದಿದ್ದೇನೆ ಎಂದು ಬರೆದು ನನ್ನ ಸಹಿ ಹಾಕಿದೆ. ಅದು ಹೋಗುವಾಗ ಆರಕ್ಕೆ ನಾಲ್ಕು ನಿಮಿಷ ಇತ್ತು.

ಶುಕ್ರವಾರದ ಸಭೆಗೆ ವಿಜಯಪುರದಿಂದ ವಿಡಿಯೋದಲ್ಲಿ ಕೂತೆ. ಯಾರೋ ನನ್ನ ಆ ಸಾಲನ್ನು ಗಟ್ಟಿಯಾಗಿ ಓದಿದರು. ಇನ್ಯಾರೋ ನಕ್ಕರು. ಸರ್ಕಾರಿ ಟಿಪ್ಪಣಿಯಲ್ಲಿ ಅಪ್ಪ ಬರುವುದು ನಗುವ ವಿಷಯವೇ, ಆದರೂ ನನ್ನ ಕಿವಿ ಬೆಂಕಿಯಾದವು. ಒಂದು ಗಂಟೆಯ ವಾಗ್ವಾದದಲ್ಲಿ ನಾನು ಮೂರು ಸಲ ದನಿ ಏರಿಸಿದೆ, ಒಮ್ಮೆ ಕ್ಷಮೆ ಕೇಳಿದೆ. ಕೊನೆಗೆ ಕೇಂದ್ರಕ್ಕೆ ಒಂದು ವರ್ಷ ಗಡುವು ಕೊಟ್ಟರು. ಹಳೆಯ ಪಟ್ಟಿ ಇದ್ದ ಹಾಗೇ ಕಡತದಲ್ಲಿರಲಿ, ಮುಂದಿನ ವರ್ಷ ಬೇರೆಯವರು ಹೊಸದಾಗಿ ವಿಚಾರಿಸಲಿ ಎಂದಾಯಿತು. ಪ್ರಶ್ನಾವಳಿಯ ಕೆಲಸ ನನ್ನ ಕೈಯಿಂದ ಹೋಯಿತು. ಅದು ನ್ಯಾಯವೇ.

ಮಾಸ್ತರಿಗೆ ಫೋನು ಮಾಡಿದೆ. ಹೆಸರು ಹಚ್ಚಿದ ಹುಡುಗಿಯರಿಗೆ ಈಗಲೇ ಹೇಳಿ ಬರುತ್ತೇನೆ ಎಂದು ಅವರು ಫೋನಿಟ್ಟರು. ಆಮೇಲೆ ಅವಳಿಗೆ ಮಾಡಿದೆ.

"ಸೆಂಟರ್ ಒಂದು ವರ್ಷ ಉಳೀತವಾ."

"ಚಲೋ ಆತ್ರಿ. ಮತ್ತ ನನ್ನ ಹೆಸರ?"

"ಎಲ್ಲೂ ಬರದಿಲ್ಲ. ಕಾರ್ಡಿಗೆ ಏನೂ ಆಗಾಂಗಿಲ್ಲ."

ಅವಳು ಖುಷಿಪಡುತ್ತಾಳೆ ಎಂದು ಕಾದೆ.

"ಅಂದ್ರ ನಿಮ್ಮ ಪಟ್ಟ್ಯಾಗ ನಾ ಇನ್ನೂ ಏನೂ ಮಾಡದಾಕಿನ ಅದೇನಿ?"

"ಹೌದು."

"ಮಾಸ್ತರು ನನಗ ಏನೂ ಕಲಿಸಿಲ್ಲ ಅಂದಂಗ ಆತಲ್ರಿ."

ಅದಕ್ಕೂ ಹೌದು ಎನ್ನಬೇಕಾಯಿತು. ಮಾಡಿದ ಒಳ್ಳೆಯ ಕೆಲಸಕ್ಕೆ ಬೈಸಿಕೊಂಡವಳ ಹಾಗೆ ನನಗೆ ದುಃಖವೂ ಬಂತು, ಸಿಟ್ಟೂ ಬಂತು. ಅವಳು ಮಾತ್ರ ಸಿಟ್ಟಿನಲ್ಲಿರಲಿಲ್ಲ, ಸಮಾಧಾನದಿಂದಲೇ ಕೇಳಿದಳು.

"ಕಾಳ ಬರೀಬ್ಯಾಡ್ರಿ, ರೊಕ್ಕ ಬರೀಬ್ಯಾಡ್ರಿ ಅಕ್ಕಾರ. ಈಕಿ ಮೋಟಾರ ಕಟ್ಟೂದು ಕಲ್ತಾಳ ಅಂತ, ಅಷ್ಟ ಒಂದ ಕಡಿ ಬರೀರಿ. ಅದಕ್ಕೇನ ಕಾರ್ಡ ಹೋಗಾಂಗಿಲ್ಲಲ್ಲ."

ಬರೀತೇನಿ ಎಂದು ಫೋನಿಟ್ಟು, ನಮೂನೆ ಬಿಡಿಸಿ ಅಂಕಣ ಹುಡುಕಿದೆ. ಮೊದಲಿನಿಂದ ಕೊನೆಯ ತನಕ ಎರಡು ಸಲ ಹುಡುಕಿದೆ. ಕೆಲಸ ಸಿಕ್ಕಿತೇ, ಯಾವಾಗ ಸಿಕ್ಕಿತು, ಎಷ್ಟು ಸಿಕ್ಕಿತು ಎಂದೆಲ್ಲ ನಾನು ಇಪ್ಪತ್ತೆರಡು ಪ್ರಶ್ನೆ ಕೇಳಿದ್ದೆ. ಕಲಿತಿರಾ ಎಂದು ಒಂದರಲ್ಲೂ ಕೇಳಿರಲಿಲ್ಲ.