ಎಡರೆಕ್ಕೆ ಗಂಟು, ಬಲರೆಕ್ಕೆ ಗಂಟು

ತೂಬಗೆರೆ ಪಕ್ಕದ ಹಳ್ಳಿಯ ಚಿಕ್ಕಬೀರಪ್ಪನಿಗೆ ಅರವತ್ತೊಂಬತ್ತು. ಅದರಲ್ಲಿ ನಲವತ್ತೊಂದು ವರ್ಷ ಆತ ವಿಜಯದಶಮಿಯ ಅಂಬಿಗೆ ಗರಿ ಕಟ್ಟಿದ್ದಾನೆ. ಆವತ್ತು ಬನ್ನಿಮರದ ಮುಂದೆ ಬಾಳೆಕಂದು ನೆಟ್ಟು, ಊರ ದೇವರ ಪೂಜಾರಿ ಬಿಲ್ಲೆತ್ತಿ ಹೊಡೆಯುತ್ತಾನೆ. ಅಂಬು ಕಂದಿಗೆ ನಾಟಿದರೆ ಹೆಸರು ಪೂಜಾರಿಗೆ, ತಪ್ಪಿದರೆ ಬೀರಪ್ಪನಿಗೆ.

ಹೋದ ವರ್ಷ ಅಂಬು ಗಾಳಿಯಲ್ಲಿ ಸೊಂಟ ಕುಣಿಸಿಕೊಂಡು ಹೋಗಿ ಶಾಮಿಯಾನಕ್ಕೆ ಚುಚ್ಚಿಕೊಂಡಿತ್ತು. ದೇವಸ್ಥಾನ ಕಮಿಟಿಯ ಬೈರೇಶ್ ಈ ಸಲ ಮೊದಲೇ ಬಂದು ಹೇಳಿದ್ದ.

"ಬೀರಪ್ಪ ಮಾವ, ಇದೂ ತಪ್ಪಿದ್ರೆ ಮುಂದಿನ ವರ್ಷದಿಂದ ಪ್ಲಾಸ್ಟಿಕ್ ಗರೀದು ಆನ್‌ಲೈನಲ್ಲಿ ತರಿಸಿಬಿಡ್ತೀವಿ. ಬೇಜಾರ್ ಮಾಡ್ಕೋಬೇಡ."

ಬೇಜಾರು! ಬೀರಪ್ಪನಿಗೆ ಒಳಗೊಳಗೇ ಹಬ್ಬ. ಕಣ್ಣು ಮಂಜು, ಬೆರಳ ಗೆಣ್ಣೆಲ್ಲ ನೋವು. ತಾನಾಗಿ ಬಿಟ್ಟರೆ ಊರು ಆಡಿಕೊಳ್ಳುತ್ತದೆ. ಅಂಬೇ ಬಿಡುಗಡೆ ಕೊಟ್ಟರೆ ಯಾರೇನು ಅಂದಾರು?

ಮಾಕಳಿದುರ್ಗದ ದಾರಿಯ ಫಾರಮ್ಮಿನಿಂದ ಟರ್ಕಿ ಕೋಳಿಯ ಗರಿ ತಂದು, ಎಡರೆಕ್ಕೆಯವು ಒಂದು ಗಂಟು, ಬಲರೆಕ್ಕೆಯವು ಒಂದು ಗಂಟು ಮಾಡಿ ಅಟ್ಟದಲ್ಲಿಟ್ಟಿದ್ದ. ಎಡದ್ದು ಒಂದು ಕಡೆ ಬಾಗಿದರೆ ಬಲದ್ದು ಇನ್ನೊಂದು ಕಡೆ. ಒಂದೇ ಅಂಬಿನಲ್ಲಿ ಎರಡೂ ಬೆರೆತರೆ ಅದು ನೆಟ್ಟಗೆ ಹಾರದು.

ಆಯುಧಪೂಜೆಗೆ ಮನೆ ತೊಳೆಯುವ ಭರದಲ್ಲಿ ಹೆಂಡತಿ ನರಸಮ್ಮ ಎರಡೂ ಗಂಟು ಬಿಚ್ಚಿ, ಒಂದೇ ಬಕೆಟ್ಟಿಗೆ ಸುರಿದು, ಸೀಗೆಪುಡಿ ಹಾಕಿ ತೊಳೆದು ಹರವಿಬಿಟ್ಟಳು.

"ಎಂಥ ಕೆಲಸ ಮಾಡ್ದೆಯೇ!"

"ಯಾಕೆ, ಹಬ್ಬದಲ್ಲಿ ದೇವ್ರಿಗೆ ಕೋಳಿ ನಾತ ಬೇಕಾ? ಗರಿ ಹೆಂಗೆ ಗರಿಗರಿಯಾಗಿ ಒಣಗವೆ ನೋಡು."

"ಎಡ ಬಲ ಎಲ್ಲಾ ಕಲೆಸ್ಬಿಟ್ಟೆ."

"ನಿಂಗೆ ಯಾವತ್ತು ಎಡ ಬಲ ಗೊತ್ತಾಗಿತ್ತು? ಮದುವೇಲಿ ನನ್ನ ಯಾವ ಕಡೆ ಕೂರಿಸ್ಕೋಬೇಕು ಅಂತ ಅಯ್ನೋರು ಮೂರು ಸಲ ಹೇಳಿದ್ರು."

ಬೀರಪ್ಪ ಹರವಿದ ಗರಿಗಳತ್ತ ತಿರುಗಿದ. ಹುಡುಕಿದರೂ ಸಿಗದ ನೆಪ ಬಿಸಿಲಲ್ಲಿ ಒಣಗುತ್ತಿತ್ತು. ಕೈಗೆ ಸಿಕ್ಕ ಮೂರು ಗರಿ ಅಂಟಿಸಿದರಾಯಿತು. ಅಂಬು ಕುಣಿಯುತ್ತದೆ, ತಪ್ಪು ನರಸಮ್ಮನ ತಲೆಗೆ, ತಾನು ಮುಂದಿನ ದಸರೆಗೆ ಜಗಲಿಯ ಮೇಲೆ.

ಮುದುರಿದ ಗರಿಗಳನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದ.

"ನಿನ್ನ ಬಾಣಾನ ಬಾಣಲೇಲಿ ಬೇಯಿಸ್ಕೋ, ನನ್ನ ಇಡ್ಲಿ ಪಾತ್ರೆ ಮುಟ್ಟಬೇಡ," ಎಂದಳು ನರಸಮ್ಮ. ಅಷ್ಟರಲ್ಲಿ ಮುಟ್ಟಿ ಆಗಿತ್ತು.

ಗರಿಯ ದಂಟನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಕಲ್ಲಿಗೆ ಉಜ್ಜಿ ತೆಳುವಾಗಿಸಿದ. ಬಿದಿರುಕಡ್ಡಿಗೆ ಮೊದಲನೆಯದು ಕೂತಿತು. ಎರಡನೆಯದೂ ಕೂತಿತು. ಮೂರನೆಯದರ ಮೇಲೆ ಹೆಬ್ಬೆರಳು ನಿಂತುಬಿಟ್ಟಿತು. ಬಾಗು ಉಲ್ಟಾ. ಅಂಟು ಒಣಗುವ ತನಕ ಒತ್ತಿ ಹಿಡಿದಿದ್ದರೆ ಮುಗಿದೇ ಹೋಗುತ್ತಿತ್ತು. ಒತ್ತಿದ. ಕಿತ್ತ. ಮತ್ತೆ ಒತ್ತಿ ಮತ್ತೆ ಕಿತ್ತ.

"ಥೂ, ಈ ಬೆರಳಿನ ಮನೆ ಹಾಳಾಗ!"

ಆಮೇಲೆ ಮಧ್ಯಾಹ್ನವೆಲ್ಲ ಕಣ್ಣು ಮುಚ್ಚಿ, ಒಂದೊಂದೇ ಗರಿ ಸವರಿ ಸವರಿ ಎಡ ಬಲ ಬೇರೆ ಮಾಡಿದ. ಒಂದೇ ರೆಕ್ಕೆಯ ಮೂರನ್ನು ಕೂರಿಸಿ, ದೊಡ್ಡಬಳ್ಳಾಪುರದ ಮಗ್ಗದ ರೇಷ್ಮೆ ಎಳೆಯಲ್ಲಿ ಬಿಗಿದ.

ವಿಜಯದಶಮಿಯ ದಿನ ಅಂಬು ಗೆರೆ ಎಳೆದಂತೆ ಹೋಗಿ ಬಾಳೆಕಂದಿನ ನಡುವಿಗೆ ಹೊಕ್ಕಿತು. ಜನ ಪೂಜಾರಿಯನ್ನು ಹೆಗಲಿಗೇರಿಸಿಕೊಂಡರು. ಬೈರೇಶ್ ಓಡಿ ಬಂದ.

"ಮಾವ, ಪ್ಲಾಸ್ಟಿಕ್ಕೂ ಬ್ಯಾಡ ಗೀಸ್ಟಿಕ್ಕೂ ಬ್ಯಾಡ. ಇನ್ನು ಹತ್ತು ವರ್ಷ ನೀನೇ!"

ಬೀರಪ್ಪ ಬನ್ನಿಕಟ್ಟೆಯ ಮೇಲೆ ಕುಸಿದು ಕೂತ. ನರಸಮ್ಮ ಪಕ್ಕಕ್ಕೆ ಬಂದು ಅವನ ಬೆರಳು ನೀವುತ್ತಾ ಹೇಳಿದಳು, "ಉಳಿದಿದ್ದ ಗರೀನ ಎರಡು ಬಣ್ಣದ ಬಟ್ಟೇಲಿ ಬೇರೆ ಬೇರೆ ಕಟ್ಟಿಟ್ಟಿದೀನಿ. ಮುಂದಿನ ವರ್ಷ ಕಷ್ಟ ಆಗಬಾರ್ದಲ್ಲ."

"ಕಲೆಸ್ಬಿಡೇ," ಎಂದ ಬೀರಪ್ಪ.