ಅಕ್ಕನ ಹೊಟ್ಟೆನೋವು, ಅವ್ವನ ಉತ್ತರ

ಹಳಿಯಾಳ ಕಡೆಯ ನಮ್ಮ ಲಿಂಗಾಯತರ ಮನೆಯಲ್ಲಿ ಮುಟ್ಟಾದವರು ಹೊರಗೆ ಕೂರುವ ಪದ್ಧತಿ ಇರಲಿಲ್ಲ. ಲಿಂಗ ಕಟ್ಟಿದ ಮೈಗೆ ಮೈಲಿಗೆಯಿಲ್ಲ ಎಂದು ಅಪ್ಪ ಹೆಮ್ಮೆಪಡುತ್ತಿದ್ದ. ನಿಜ ಹೇಳಲೇ? ಪಕ್ಕದ ಮನೆಯ ಹೆಂಗಸರು ಮೂರು ದಿನ ಹಿತ್ತಲಲ್ಲಿ ಮೈಚಾಚುವುದನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಮ್ಮ ಅಕ್ಕ ಆ ದಿನಗಳಲ್ಲೂ ರೊಟ್ಟಿ ಬಡಿಯುತ್ತ, ನಡುವೆ ಎದ್ದು ಹೋಗಿ ವಾಂತಿ ಮಾಡಿ ಬರುತ್ತಿದ್ದಳು.

"ನನಗೂ ಹಿಂಗ ಇತ್ತು, ನಮ್ಮವ್ವಗೂ ಇತ್ತು. ಲಗ್ನಾದ ಮ್ಯಾಲೆ ಹೋಗತೈತಿ," ಎನ್ನುತ್ತಿದ್ದಳು ಅವ್ವ.

ಎಲ್ಲರಿಗೂ ಇದ್ದದ್ದರಿಂದಲೇ ಅದು ರೋಗವಲ್ಲ ಎಂದು ನಂಬಿದ್ದೆವು.

ಲಗ್ನವಾಯಿತು. ನೋವು ಹೋಗಲಿಲ್ಲ, ಮಕ್ಕಳೂ ಆಗಲಿಲ್ಲ. ದಾಂಡೇಲಿಯಲ್ಲಿ ಅಕ್ಕನ ಗಂಡನ ಮನೆ. ಅಲ್ಲಿ ಅವ್ವನೂ ನಾನೂ ಅಕ್ಕನನ್ನು ಒಬ್ಬ ಡಾಕ್ಟರಮ್ಮನ ಬಳಿ ಕರೆದೊಯ್ದಾಗ ಅವಳ ಅತ್ತೆಯೂ ನಮ್ಮ ಜೊತೆಗಿದ್ದಳು.

"ತಾಯಿಗೂ ಹಿಂಗ ನೋವು ಬರತಿತ್ತೇನ್ರಿ?" ಡಾಕ್ಟರಮ್ಮ ಕೇಳಿದರು.

ಅವ್ವ ಅತ್ತೆಯ ಮುಖ ನೋಡಿದಳು. ಆಮೇಲೆ ನನ್ನ ಮುಖ. ನನಗಾಗಲೇ ಗಂಡು ಹುಡುಕುತ್ತಿದ್ದರು.

"ಇಲ್ರಿ ಬಾಯಾರ. ನಮ್ಮ ಮನ್ಯಾಗ ಯಾರಿಗೂ ಇಲ್ಲ."

"ಮತ್ತ ಈಕೀದು ನಾಟಕ ಅನ್ನರಿ," ಅತ್ತೆ ನಕ್ಕಳು. "ಹಿಟ್ಟು ನಾದೂ ಪರಾತ ಕಂಡ್ರ ಸಾಕು, ಹೊಟ್ಟಿ ಹಿಡಕೋತಾಳ!"

ನೋವಿನ ಗುಳಿಗೆ ಬರೆದುಕೊಟ್ಟು ಕಳಿಸಿದರು.

ಎರಡು ವರ್ಷದ ಮೇಲೆ ಅಕ್ಕ ಒಲೆಯ ಮುಂದೆಯೇ ಬಿದ್ದಳು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಗರ್ಭಕೋಶದ ಒಳಪದರದಂಥದ್ದು ಹೊರಗೆಲ್ಲ ಬೆಳೆದು, ತಿಂಗಳು ತಿಂಗಳು ರಕ್ತ ಸೋರಿ, ಕರುಳಿಗೆ ಅಂಟಿಕೊಂಡಿತ್ತಂತೆ. ಗರ್ಭಕೋಶವನ್ನೇ ತೆಗೆದರು. ಗಂಡನ ಮನೆಯವರು ಅಕ್ಕನ ಟ್ರಂಕನ್ನು ನಮ್ಮ ಮನೆಗೆ ತಂದಿಟ್ಟು ಹೋದರು.

ಅಲ್ಲಿನ ಡಾಕ್ಟರು ಹೇಳಿದ ಎಂಡೊಮೆಟ್ರಿಯೋಸಿಸ್ ಎಂಬ ರೋಗದ ಹೆಸರನ್ನು ನಾನು ಅಂಗೈ ಮೇಲೆ ಬರೆದುಕೊಂಡಿದ್ದೆ. ಲೈಬ್ರರಿಯ ದಪ್ಪ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಓದಿದೆ. ತಾಯಿಗಿದ್ದರೆ ಮಗಳಿಗೆ ಬರುವ ಸಂಭವ ಹೆಚ್ಚು. ಬಂದೇ ಬರುತ್ತದೆ ಎಂದೇನಿಲ್ಲ. ಆನುವಂಶಿಕತೆಗೆಂದು ಶಾಲೆಯಲ್ಲಿ ಕಲಿಸಿದ ಬಟಾಣಿ ಗಿಡದ ಪಾಠದಷ್ಟು ಸರಳವೂ ಅಲ್ಲ. ಹಾಳೆಯ ಮೇಲೆ ಅಜ್ಜಿ, ಅವ್ವ, ಅಕ್ಕ ಎಂದು ದುಂಡು ಹಾಕಿ ಗೆರೆ ಎಳೆದೆ. ಕೆಳಗೆ ನನ್ನದೂ ಒಂದು ದುಂಡು. ಹೌದು, ನನಗೂ ಆ ನೋವು ಶುರುವಾಗಿತ್ತು.

"ನಿಂದಷ್ಟು ಅಳಿಸವಾ," ಅವ್ವ ಅಂದಳು. "ನಾಡಿದ್ದ ನಿನ್ನ ನೋಡಾಕ ಗಂಡಿನ ಕಡ್ಯಾವ್ರು ಬರ್ತಾರ."

ಒಲೆಯ ಮುಂದಿನಿಂದ ಅಕ್ಕ ತಿರುಗಿದಳು. "ಮತ್ತ ಇಲ್ಲ ಅನ್ನಬ್ಯಾಡ, ಅವ್ವಾ."

ಬಂದವರು ಕೇಳುವ ಮೊದಲೇ ಅವ್ವ ಎಲ್ಲ ಹೇಳಿದಳು. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅವ್ವ ಕಪ್ಪುಗಳನ್ನು ಎತ್ತಿಟ್ಟು, ಇಟ್ಟಿಗೆ ಬಿಸಿ ಮಾಡಿ, ಬಟ್ಟೆಯಲ್ಲಿ ಸುತ್ತಿ ನನ್ನ ಹೊಟ್ಟೆಯ ಮೇಲಿಟ್ಟಳು.