ವತ್ಸಲಾ ಆಂಟಿಯ ದನಿ ಅಳಿಸಿದ್ದು

ಶಾರದಾ ಆಂಟಿ, ನಿಮ್ಮ ತಂಗಿ ವತ್ಸಲಾ ಅವರ ಹಾಡುಗಳನ್ನು ಅಳಿಸಿದ್ದು ನಾನು. ಕಂಪ್ಯೂಟರ್ ಕೆಟ್ಟಿತ್ತು ಎಂದು ಇಷ್ಟು ವರ್ಷ ನಂಬಿಸಿದ್ದು ಶುದ್ಧ ಸುಳ್ಳು.

ನಿಮ್ಮ ಹತ್ತಿರ ಸಂಗೀತ ಕಲಿತ ನಾನು, ಕುಮಾರಸ್ವಾಮಿ ಲೇಔಟಿನ ನಮ್ಮ ಪುಟ್ಟ ಆಫೀಸಿನಲ್ಲಿ ಹಾಡುವವರಿಗಾಗಿಯೇ ಕಂಪ್ಯೂಟರಿಗೆ ಹಾಕಿಕೊಳ್ಳುವ ಒಂದು ಆ್ಯಪ್ ಮಾಡಿದ್ದೆ. ಶ್ರುತಿ ಹಾಕಿಕೊಂಡು ಹಾಡಿದರೆ ಅದು ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಮೊದಲು ಬಳಸಿದವರು ನೀವಿಬ್ಬರೇ. ವತ್ಸಲಾ ಆಂಟಿ ತೀರಿಕೊಂಡ ಮೇಲೂ ನೀವು ದಿನಾ ಬೆಳಿಗ್ಗೆ ಅವರ ದನಿ ಹಾಕಿಕೊಂಡು ಜೊತೆಗೆ ಹಾಡುತ್ತಿದ್ದಿರಿ.

ಆಮೇಲೆ ಅದನ್ನೇ ಹೊಸದಾಗಿ ಮಾಡಿ, ಎಲ್ಲರಿಗೂ ಸಿಗಲೆಂದು ಆ್ಯಪ್ ಸ್ಟೋರಿಗೆ ಕಳಿಸಿದಾಗಲೆಲ್ಲ ಅದು ವಾಪಸ್ ಬರುತ್ತಿತ್ತು. ಅಲ್ಲಿನ ನಿಯಮ ಬಲು ಬಿಗಿ — ಆ್ಯಪ್ ತನ್ನ ಫೋಲ್ಡರ್ ಬಿಟ್ಟು ಬೇರೆಡೆ ಕೈಹಾಕಬಾರದು. ನಮ್ಮ ಹೊಸದೋ, ಮೊದಲ ಸಲ ತೆರೆದಾಗ ಹಳೆಯ ಆ್ಯಪಿನ ಫೋಲ್ಡರಿನಿಂದ ರೆಕಾರ್ಡಿಂಗ್‌ಗಳನ್ನೆಲ್ಲ ನಕಲು ಮಾಡಿಕೊಳ್ಳುತ್ತಿತ್ತು. ಬಳಸುವವರ ಒಪ್ಪಿಗೆ ಕೇಳುವ ಒಂದು ಪರದೆ ಸೇರಿಸಿದ್ದರೆ ಸಾಕಿತ್ತು. ಅದಕ್ಕೆ ತಾಳ್ಮೆ ಬೇಕಲ್ಲ! ಸಿಟ್ಟಿನಲ್ಲಿ ಆ ನಕಲಿನ ಭಾಗವನ್ನೇ ಕಿತ್ತುಹಾಕಿ ಕಳಿಸಿದೆ. ಪಾಸಾಯಿತು. ಕುಣಿದಾಡಿಕೊಂಡು ಜಯನಗರದ ನಿಮ್ಮ ಮನೆಗೆ ಬಂದೆ.

ನಿಮ್ಮ ಕಂಪ್ಯೂಟರಿಗೆ ಹೊಸದನ್ನು ಹಾಕಿ ತೆರೆದೆ. ಹಾಡುಗಳೆಲ್ಲ ಅದರೊಳಗೆ ಬಂದಿರುತ್ತವೆಂಬ ಹಳೇ ಭರವಸೆ — ಸರಿಯಾಗಿ ನೋಡಲೂ ಇಲ್ಲ. ಹಳೆಯ ಆ್ಯಪನ್ನು ಫೋಲ್ಡರ್ ಸಮೇತ ಅಳಿಸಿದೆ, ಟ್ರ್ಯಾಶನ್ನೂ ಖಾಲಿ ಮಾಡಿದೆ. ಆಮೇಲೆ ನೋಡಿದರೆ ಒಂದೂ ಹಾಡಿಲ್ಲ. ನಕಲಿನ ಭಾಗವನ್ನು ನಾನೇ ಕಿತ್ತುಹಾಕಿದ್ದು ಆಗ ನೆನಪಾಯಿತು. ನೀವು ನನ್ನ ಹಿಂದೆಯೇ ನಿಂತಿದ್ದಿರಿ.

“ವತ್ಸಲನ ಹಾಡೆಲ್ಲ ಎಲ್ಲೇ?”

“ಡಿಸ್ಕ್ ಹಾಳಾಗಿದೆ ಆಂಟಿ.”

“ರಿಪೇರಿಯವ್ರಿಗೆ ತೋರಿಸ್ಲೇನೇ?”

ಅಳಿಸಿದ್ದನ್ನು ಹೊರತೆಗೆಯುವವರು ಇದ್ದಾರೆಂದು ನನಗೆ ಗೊತ್ತಿತ್ತು. ಆಗಲೇ ಕೊಟ್ಟಿದ್ದರೆ ಒಂದೆರಡಾದರೂ ಸಿಗುತ್ತಿದ್ದವೇನೋ — ಆದರೆ ಅಳಿಸಿದವರು ಯಾರೆಂಬುದೂ ಬಯಲಾಗುತ್ತಿತ್ತು. “ಬೇಡ ಆಂಟಿ, ಏನೂ ಪ್ರಯೋಜನ ಇಲ್ಲ” ಎಂದುಬಿಟ್ಟೆ. ಮೊದಲನೆಯದು ಮರೆವು. ಇದು ಮಾತ್ರ...

“ನಾನೇ ಏನೋ ಒತ್ಬಿಟ್ಟೆ ಅನ್ಸತ್ತೆ ಕಣೇ” ಎಂದು ಕಣ್ಣೊರೆಸಿಕೊಳ್ಳುತ್ತ ನೀವು ನನಗೆ ಕಾಫಿ ಮಾಡಲು ಹೋದಿರಿ. ಆ ಕಾಫಿಯನ್ನೂ ಕುಡಿದೆ, ನಾಚಿಕೆಗೆಟ್ಟವಳು. ಅಂದಿನಿಂದ ನೀವು ಕಂಪ್ಯೂಟರ್ ಮುಟ್ಟಿಲ್ಲ. ಮೊನ್ನೆ ನಾನು ಬಂದಾಗಲೂ ನಿಮ್ಮ ಫೋನನ್ನು ನನ್ನ ಕೈಗಿಟ್ಟು, “ನೀನೇ ಒತ್ತಮ್ಮ, ನಾನು ಮುಟ್ಟಿದ್ರೆ ಏನಾದ್ರೂ ಹೋಗತ್ತೆ” ಎಂದಿರಿ.

ನಾಳೆ ಬೆಳಿಗ್ಗೆ ಬರುತ್ತೇನೆ. ಒಳಗೆ ಕರೆಯುವುದು ಬಿಡುವುದು ನಿಮಗೆ ಸೇರಿದ್ದು. ಬಾಗಿಲಲ್ಲೇ ನಿಂತು ಹೇಳುತ್ತೇನೆ — ನೀವು ಏನನ್ನೂ ಒತ್ತಿರಲಿಲ್ಲ ಆಂಟಿ.